ಮೂರನೆಯ ಚೌಕ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣ,

ನಮಸ್ಕಾರ. ನಿನ್ನ ಕ್ಷೇಮ ವಿಚಾರಿಸುವಷ್ಟು ಒಳ್ಳೆಯತನ ಇವತ್ತು ನನ್ನಲ್ಲಿ ಉಳಿದಿಲ್ಲ.

ನಿನ್ನೆ ಸಮೀಕ್ಷೆಗೆಂದು ನಿನ್ನ ಟೈಲರ್ ಅಂಗಡಿಗೇ ಬಂದಿದ್ದೆನಲ್ಲ. ನಾಲ್ಕು ವರ್ಷದಿಂದ ಅದೇ ಬೀದಿ, ಅದೇ ಪ್ರಶ್ನೆಗಳು. ಲಸಿಕೆ ಹಾಕಿಸಿಕೊಂಡ ವಯಸ್ಸಾದವರು ಎರಡೇ ವರ್ಷದಲ್ಲಿ ಸಾಯುತ್ತಾರೆ ಎಂಬ ಮಾತನ್ನು ನಂಬುತ್ತೀರಾ ಎಂದು ಓದಿದೆ. ಗಿರಾಕಿಯ ತೋಳಿನ ಅಳತೆ ತೆಗೆಯುತ್ತಲೇ ನೀನು ನಕ್ಕುಬಿಟ್ಟೆ. “ಅಯ್ಯೋ, ಅದನ್ನೆಲ್ಲ ಯಾರಮ್ಮ ನಂಬ್ತಾರೆ? ನಾನಂತೂ ಆವತ್ತೂ ನಂಬಿರ್ಲಿಲ್ಲ” ಅಂದೆ. ನಾನು ತೆಪ್ಪಗೆ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿಕೊಂಡು ಬಂದೆ.

ಮೊದಲ ವರ್ಷದ ಹಾಳೆಯಲ್ಲಿ ನಿನ್ನದು ‘ಹೌದು’. ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಕಾಗದ ತೂತಾಗುವ ಹಾಗೆ ನೀನೇ ಗುರುತು ಹಾಕಿದ್ದೆ. ಅಂಗಡಿಗೆ ಬಂದವರಿಗೆಲ್ಲ ಅಳತೆಯ ಜೊತೆಗೆ ಅದೇ ಉಪದೇಶ. ಅಮ್ಮ ಹೋದ ಮರುವರ್ಷ “ಗೊತ್ತಿಲ್ಲ” ಅಂದೆ. ಅದರ ಮುಂದಿನ ವರ್ಷ “ಜನ ಏನೇನೋ ಹೇಳ್ತಿದ್ರು” ಅಂದೆ. ಈಗ ನೋಡಿದರೆ ಆ ಜನರಲ್ಲಿ ನೀನು ಇರಲೇ ಇಲ್ಲ! ನಿನ್ನೊಬ್ಬನನ್ನೇ ಅಂದು ಏನು ಪ್ರಯೋಜನ? ಆಗ ಅರ್ಧ ಬೀದಿ ನಂಬಿತ್ತು, ಈಗ ಕೇಳಿದರೆ ಒಬ್ಬರೂ ನಂಬಿದವರಿಲ್ಲ. ಜನರ ತಿಳಿವಳಿಕೆ ಸುಧಾರಿಸಿದೆ ಎಂದು ನಮ್ಮ ಮೇಲ್ವಿಚಾರಕರಿಗೆ ಖುಷಿಯೋ ಖುಷಿ. ನನಗೆ ಮೈಯೆಲ್ಲ ಉರಿಯಿತು.

ನಿನ್ನ ಮನೆಯಲ್ಲೇ ಇದ್ದ ಅಮ್ಮನಿಗೆ ಸುಧಾರಿಸಲು ಸಮಯ ಸಿಗಲಿಲ್ಲ. ನಿನ್ನ ಮಾತು ಕೇಳಿ ಲಸಿಕೆ ಬೇಡವೆಂದಳು, ಅದೇ ರೋಗ ತಗುಲಿ ಒಂಬತ್ತು ದಿನ ಉಸಿರಿಗೆ ಒದ್ದಾಡಿ ಹೋದಳು. ತಪ್ಪಾಯಿತು ಅಂದಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ನಂಬಿಯೇ ಇರಲಿಲ್ಲ ಅಂದೆಯಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸಲು ಆಗುತ್ತಿಲ್ಲ. ಹಾಗಾದರೆ ಅವಳು ಯಾರ ಮಾತು ನಂಬಿ ಸತ್ತಳು, ಹೇಳು.

ಇನ್ನು ಮುಂದೆ ನಿನ್ನ ಬಾಗಿಲಿಗೆ ಬಂದರೆ ಸಮೀಕ್ಷೆಯವಳಾಗಿ ಮಾತ್ರ ಬರುತ್ತೇನೆ.

ಇಂತಿ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ
ನಿನ್ನ ತಂಗಿ

ಸಹಿ ಹಾಕಿದ ಮೇಲೆ: ಆ ಮೊದಲ ವರ್ಷದ ಅಮ್ಮನ ಹಾಳೆಯನ್ನು ನಾನು ತೆಗೆದು ನೋಡಬೇಕಾಗಿಲ್ಲ, ಬಾಯಿಪಾಠವಾಗಿದೆ. ಅವಳದು ‘ಹೌದು’ ಅಲ್ಲ. ಮೂರನೆಯ ಚೌಕ, ‘ಗೊತ್ತಿಲ್ಲ’. “ನಿಜಾನೇನೇ ಅದು? ನೀನು ಹೇಳಿದ ಹಾಗೆ ಕೇಳ್ತೀನಿ” ಎಂದು ಆವತ್ತು ನನ್ನನ್ನೇ ಕೇಳಿದ್ದಳು. ಸಮೀಕ್ಷೆಗೆ ಹೋದವರು ತಮ್ಮ ಅಭಿಪ್ರಾಯ ಹೇಳಕೂಡದು ಎಂಬುದು ನಮ್ಮ ನಿಯಮ. “ನಾನು ಹೇಳೋ ಹಾಗಿಲ್ಲಮ್ಮ” ಎಂದು ಪಕ್ಕದ ಮನೆಗೆ ಹೋದೆ. ಸಂಜೆ ತಿರುಗಿ ಬಂದು ಹೇಳಬಹುದಿತ್ತು. ನಿನ್ನ ಜೊತೆ ಯಾರು ಜಗಳವಾಡುವುದು ಎಂದು ಬರಲಿಲ್ಲ.