ಎಡಕ್ಕೆ ಹಾಕಿದ ಬಕಲ್

ಮದೀನತ್ ಖಲೀಫಾ, ದೋಹಾ
೩ ಡಿಸೆಂಬರ್ ೨೦೨೪

ಪ್ರೀತಿಯ ಮಗಳು ನಶೀದಾಗೆ ಉಪ್ಪನ ಸಲಾಂ.

ಹೇಗಿದ್ದೀ? ಉಮ್ಮನ ಮೊಣಕಾಲು ನೋವು ಇಳಿಯಿತೇ? ಎಣ್ಣೆ ಹಚ್ಚಿಸಿಕೊಳ್ಳದೆ ಸುಮ್ಮನೆ ನರಳಬೇಡ ಎಂದು ಹೇಳು. ನಾನು ಸೌಖ್ಯ. ಹೋದ ತಿಂಗಳು ನೀನು ಫೋನಿನಲ್ಲಿ, ಇಲ್ಲಿಗೆ ಬಂದು ಈ ಹೊಲಿಗೆ ಅಂಗಡಿ ನಡೆಸುತ್ತೇನೆ ಎಂದಾಗ, ಅದು ನನ್ನ ಅಣ್ಣನ ಮಗ ಹಾಶಿಮ್‌ಗೆ, ಹೆಣ್ಣುಮಕ್ಕಳಿಗಲ್ಲ ಎಂದು ಗದರಿಬಿಟ್ಟೆ. ಫೋನ್ ಹಿಡಿದರೆ ನನಗೆ ಸಿಟ್ಟೇ ಮೊದಲು ಬರುತ್ತದೆ, ಅದಕ್ಕೇ ಈ ಕಾಗದ.

ನಮ್ಮ ಬೀದಿಯ ವಿಲ್ಲಾದಲ್ಲಿ ಸ್ಕಾಟ್ಲೆಂಡಿನ ಒಬ್ಬ ವಯಸ್ಸಾದ ಎಂಜಿನಿಯರ್ ಇದ್ದಾರೆ. ಪ್ಯಾಂಟಿಗೆ ಜಿಪ್ ಹಾಕಿಸಲು ಬರುತ್ತಿದ್ದ ಮನುಷ್ಯ ಅರ್ಲ್ ಎಂಬ ದೊಡ್ಡ ಬಿರುದಿನವರು ಎಂದು ಗೊತ್ತಾದದ್ದೇ ಈಚೆಗೆ. ಅವರ ಊರಲ್ಲಿ ಕೋಟೆಯಂಥ ಮನೆ, ಅರ್ಧ ಸೋರುತ್ತದಂತೆ. ಹೆಂಡತಿ ತೀರಿಕೊಂಡ ಮೇಲೆ ಅದನ್ನು ನೋಡಿಕೊಳ್ಳುವವಳು ಒಬ್ಬಳೇ ಮಗಳು ಜೋಆನ್. ಸೋರುವ ಮಾಡು ಹತ್ತಿ ರಿಪೇರಿ ಮಾಡುವವಳೂ ಅವಳೇ. ಆದರೆ ಅವರ ಮನೆತನದಲ್ಲಿ ಬಿರುದು ಗಂಡಸರಿಗೇ ಹೋಗುವುದರಿಂದ, ಮನೆಯನ್ನೂ ಅದರ ಜೊತೆಗೆ ತಮ್ಮನ ಮಗನಿಗೇ ಕೊಡುವುದೆಂದು ಇವರು ತೀರ್ಮಾನಿಸಿದ್ದರು. ಅವನೋ ಆ ಕಡೆ ತಲೆ ಹಾಕಿದವನೇ ಅಲ್ಲ.

ಮೊನ್ನೆ ಇಲ್ಲಿ ಅವರ ಊರಿನವರ ಹಬ್ಬದೂಟವಿತ್ತು. ಅಲ್ಲಿ ಮುಂದಿನ ಯಜಮಾನನಾಗುವ ಆ ತಮ್ಮನ ಮಗನಿಗೆ ಕೊಡಲೆಂದು ಅಜ್ಜನ ಕಾಲದ ಕಿಲ್ಟನ್ನು ರಿಪೇರಿಗೆ ನನ್ನ ಬಳಿ ತಂದಿದ್ದರು. ಅದು ಅವರ ಗಂಡಸರು ಸೊಂಟಕ್ಕೆ ಸುತ್ತುವ ಚೌಕುಳಿ ಉಣ್ಣೆಬಟ್ಟೆ. ಪಟ್ಟಿ, ಬಕಲ್ ಎಲ್ಲ ಹಾಳಾಗಿದ್ದವು. ನಾನು ಪೂರ್ತಿ ಬಿಚ್ಚಿ ಹೊಸದು ಹಾಕಿದೆ. ನಮ್ಮ ಗಂಡಸರು ಮುಂಡು ಸುತ್ತಿ ಸಿಕ್ಕಿಸುವುದು ಎಡಕ್ಕೆ ತಾನೇ? ಕೈ ಅದೇ ಅಭ್ಯಾಸದಲ್ಲಿ ಬಕಲ್ಲುಗಳನ್ನು ಎಡಕ್ಕೆ ಹೊಲಿದುಬಿಟ್ಟಿತು.

ಅವರು ಉಟ್ಟು ನೋಡಿ, ಎಡಕ್ಕೆ ಬಂದ ಬಕಲನ್ನು ಬೆರಳಿಟ್ಟು ತೋರಿಸಿದರು. ಅವರಲ್ಲಿ ಗಂಡಸರದು ಬಲಕ್ಕೆ, ಎಡಕ್ಕೆ ಕಟ್ಟುವುದು ಹೆಂಗಸರಂತೆ. ಮೂವತ್ತು ವರ್ಷದ ಹೆಸರು ಮಣ್ಣುಪಾಲಾಯಿತು ಎಂದುಕೊಂಡೆ. ಹತ್ತು ನಿಮಿಷ ಕೊಡಿ, ಬಿಚ್ಚಿ ಹಾಕುತ್ತೇನೆ ಎಂದು ಕತ್ತರಿ ಎತ್ತಿಕೊಂಡೆ. ಅವರು, ಆ ಊಟಕ್ಕೆಂದು ಊರಿನಿಂದ ಬಂದು ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಜೋಆನ್‌ಳನ್ನು ಕರೆದು, ಅವಳ ಪ್ಯಾಂಟಿನ ಮೇಲೆಯೇ ಅದನ್ನು ಸುತ್ತಿ, ತಾವೇ ಬಕಲ್ ಬಿಗಿದರು. ಆಮೇಲೆ ನನಗೆ, "ಬಿಚ್ಚಬೇಡ ಇಸ್ಮಾಯಿಲ್. ಬಿರುದು ಅವನಿಗೆ ಹೋಗಲಿ, ಮನೆ ಇವಳದ್ದು" ಎಂದರು. ಆ ಹುಡುಗಿ ಅಪ್ಪನ ಹೆಗಲಿಗೆ ಮುಖವಿಟ್ಟು ಅತ್ತಳು. ನನಗೆ ನಿನ್ನ ನೆನಪಾಯಿತು, ತುಂಬ ನಾಚಿಕೆಯೂ ಆಯಿತು. ಹೊಲಿಗೆಗೆಂದು ಒಂದು ರಿಯಾಲನ್ನೂ ನಾನು ತೆಗೆದುಕೊಳ್ಳಲಿಲ್ಲ.

ಉಮ್ಮನಿಗೆ ಸಲಾಂ ಹೇಳು. ಅಲ್ಲಾಹು ನಿಮ್ಮಿಬ್ಬರನ್ನೂ ಸೌಖ್ಯವಾಗಿಡಲಿ.

ನಿನ್ನ ಉಪ್ಪ,
ಇಸ್ಮಾಯಿಲ್

ಮರೆತಿದ್ದೆ: ಹಾಶಿಮ್‌ಗೆ ನಿನ್ನೆಯೇ ಹೇಳಿಬಿಟ್ಟೆ. ಅವನು, "ನನಗೆ ಆ ಸೂಜಿ ಕಂಡರೇ ಆಗುವುದಿಲ್ಲ, ಖಲಾಸ್" ಎಂದು ನಕ್ಕುಬಿಟ್ಟ. ಪಾಸ್‌ಪೋರ್ಟಿನ ಪ್ರತಿ ಈ ವಾರವೇ ಕಳಿಸು. ಅಂಗಡಿ ನಿನ್ನದು. ಉಮ್ಮನನ್ನು ಒಪ್ಪಿಸುವುದು ಮಾತ್ರ ನೀನೇ, ನನಗೆ ಅಷ್ಟು ಧೈರ್ಯವಿಲ್ಲ.