ಮರಗಟ್ಟಿದ ಅಂಗೈ

ರವಿವಾರ ಪೇಟೆ, ಬೆಳಗಾವಿ
ಸೋಮವಾರ, ೧೭ ನವೆಂಬರ್ ೨೦೨೫

ಪ್ರೀತಿಯ ನಾಗರತ್ನಾ,

ಮದುವೆಯಾದಾಗಿನಿಂದ ನಿನಗೆ ‘ಪ್ರೀತಿಯ’ ಎಂದು ಬರೆದದ್ದು ಇದೇ ಮೊದಲು, ನಗಬೇಡ. ಅತ್ತೆಯವರ ಸೊಂಟದ ನೋವು ಹೇಗಿದೆ? ಎದ್ದು ಕೂರುತ್ತಾರೆಯೇ, ಇಲ್ಲ ಮಲಗಿದಲ್ಲಿಂದಲೇ ದರ್ಬಾರು ನಡೆಸಿದ್ದಾರೆಯೇ? ಅವರ ಆರೈಕೆಯಲ್ಲಿ ನಿನ್ನ ಊಟ ಮರೆಯಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಪತ್ರವೇಕೆ ಎನ್ನುತ್ತೀಯೇನೋ. ನೀನು "ಕೈ ಹೆಂಗೈತ್ರಿ?" ಎಂದು ಕೇಳಿದ ಕೂಡಲೇ ನನ್ನ ಬಾಯಿಂದ "ಛಲೋ ಐತಿ" ಎಂದು ಬಂದುಬಿಡುತ್ತದೆ. ಬದಿಯಲ್ಲೇ ಮಗ ವಿನಯ ಅಂಗಡಿಯ ಗಲ್ಲೆಯ ಮೇಲೆ ದುಡ್ಡೆಣಿಸುತ್ತ ಕೂತಿರುತ್ತಾನೆ, ಎದುರಿಗೆ ಗಿರಾಕಿಗಳು. ಅಂಥಲ್ಲಿ ಬೇರೆ ಏನು ಹೇಳಲಿ?

ನಿಜವೆಂದರೆ ಅರ್ಧ ಮಾತ್ರ ಚೆನ್ನಾಗಿದೆ. ಆಪರೇಶನ್ನಿನ ಗಾಯ ಮಾಯ್ದಿದೆ. ನಿದ್ದೆಗೆಡಿಸುತ್ತಿದ್ದ ಆ ಉರಿ ಹೋಗಿದೆ. ಆದರೆ ಎಡಗೈಯ ಬೆರಳುಗಳು, ಹೊಲಿಗೆಯ ಸುತ್ತಲಿನ ಅಂಗೈ ಇನ್ನೂ ಮರಗಟ್ಟಿಯೇ ಇವೆ. ಮೊನ್ನೆ ನೆಹರು ನಗರಕ್ಕೆ ಹೋಗಿ ಡಾಕ್ಟರರಿಗೆ ತೋರಿಸಿದೆ. "ಮಣಿಕಟ್ಟಿನ್ಯಾಗ ಒತ್ತಿದ್ದ ನರಾ ಬಿಡಿಸೇವ್ರಿ. ನೀವು ಭಾಳ ತಡಾ ಮಾಡಿ ಬಂದ್ರಿ. ಈ ಜೋಮು ಪೂರಾ ಹೋಗ್ತದಂತ ಈಗ ಹೇಳಾಕ ಬರಂಗಿಲ್ಲ" ಎಂದರು. ಬೆಲ್ಲದ ಪೆಂಟೆಗಳನ್ನು ಎತ್ತಿ ಎತ್ತಿ ಸವೆದ ಕೈ. ಅದಕ್ಕೆ ತೂಕ ತಿಳಿಯದಿದ್ದರೆ ಹೋಗಲಿ, ತಕ್ಕಡಿ ಇದೆ. ಚಹಾದ ಲೋಟಕ್ಕೆ ಬಲಗೈ ಇದೆ. ಇಷ್ಟಲಿಂಗಕ್ಕೆ ಮಾತ್ರ ಎಡ ಅಂಗೈಯೇ ಬೇಕಲ್ಲ.

ಶನಿವಾರ ಬೆಳಿಗ್ಗೆ ಎಂದಿನಂತೆ ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತೆ. ನೀರೆರೆದೆ, ಪತ್ರೆ ಏರಿಸಿದೆ. ಆ ತಂಪು ಕೈಗೆ ತಿಳಿಯಲೇ ಇಲ್ಲ. ಇರಲಿ ಎಂದು ಕಣ್ಣು ಮುಚ್ಚಿ ಜಪಕ್ಕೆ ತೊಡಗಿದೆ. ಮನಸ್ಸು ಚೆನ್ನಾಗಿ ನಿಂತಿತ್ತು ನಾಗರತ್ನಾ, ಎಷ್ಟೋ ದಿನಗಳ ಮೇಲೆ ನಿಂತಿತ್ತು. ಕಣ್ಣು ತೆರೆದರೆ ಅಂಗೈ ಖಾಲಿ. ಒಂದು ಪತ್ರೆ ಅಂಟಿಕೊಂಡಿತ್ತು, ಅಷ್ಟೆ. ಲಿಂಗ ಜಾರಿ ತೊಡೆಯ ಮೇಲೆ ಧೋತರದ ನೆರಿಗೆಯಲ್ಲಿತ್ತು. ಯಾವಾಗ ಜಾರಿತೋ, ಬರಿಗೈ ಮುಂದೆ ಎಷ್ಟು ಹೊತ್ತು ಜಪ ಮಾಡಿದೆನೋ ಗೊತ್ತಿಲ್ಲ. ಬಲಗೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡೆ. ಇನ್ನೊಂದಿಷ್ಟು ಆಚೆ ಜಾರಿದ್ದರೆ ನೆಲಕ್ಕೇ ಬೀಳುತ್ತಿತ್ತು.

ಮಠಕ್ಕೆ ಹೋಗಿ ಸ್ವಾಮಿಗಳಿಗೆ ಹೇಳಿದೆ. "ನೆಲಕ್ಕ ಬಿದ್ದಿಲ್ಲಲ್ಲಾ? ಕೈ ಕೆಳಗ ಒಂದು ತಾಟ ಇಟಗೊಂಡು ಕುಂದರ್ರಿ, ಗುರುಪಾದಪ್ಪ" ಎಂದು ಸಲೀಸಾಗಿ ಹೇಳಿ ಕಳಿಸಿದರು. ತಾಟು ಇಟ್ಟುಕೊಂಡೆ. ಕಣ್ಣು ಮುಚ್ಚಲು ಮಾತ್ರ ಧೈರ್ಯ ಸಾಲುತ್ತಿಲ್ಲ. ಈಗ ಪೂಜೆಯೆಂದರೆ ಅಂಗೈಯ ಕಾವಲು ಕಾಯುವ ಕೆಲಸವಾಗಿದೆ. ಬಾಯಿ ಮಂತ್ರ ಹೇಳುತ್ತದೆ, ಮನಸ್ಸು ಬಿದ್ದೀತು ಬಿದ್ದೀತು ಎನ್ನುತ್ತದೆ. ಎದ್ದ ಮೇಲೆ ಪೂಜೆ ಮಾಡಿದ ಹಾಗೇ ಅನಿಸುವುದಿಲ್ಲ. ನನಗೆ ಭಯವಾಗಿದೆ. ಕೈ ಹೀಗೇ ಉಳಿದರೆ ಚಿಕ್ಕಂದಿನಿಂದ ನಡೆಸಿಕೊಂಡು ಬಂದದ್ದು ಇಲ್ಲಿಗೇ ನಿಂತುಹೋಗುತ್ತದೇನೋ ಎಂದು ದಿನವಿಡೀ ಅದೇ ಯೋಚನೆ.

ಇದನ್ನೋದಿ ಓಡಿ ಬರಬೇಡ. ಅತ್ತೆಯವರು ನಡೆದಾಡುವವರೆಗೆ ತವರೂರು ಬೀಡಿಯಲ್ಲೇ ಇರು. ವಿನಯನ ಅಡುಗೆಗೆ ಉಪ್ಪು ಜಾಸ್ತಿ, ಆದರೂ ಹೊಟ್ಟೆ ತುಂಬುತ್ತಿದೆ. ನಿನ್ನ ತಮ್ಮ ಸೋಮಲಿಂಗ ಅಂಗಡಿಗೆ ಬಂದಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಅತ್ತೆಯವರಿಗೆ ನನ್ನ ಶರಣಾರ್ಥಿ ತಿಳಿಸು. ಬಸವಣ್ಣ ನಿಮ್ಮಿಬ್ಬರನ್ನೂ ಸುಖವಾಗಿಡಲಿ.

ನಿನ್ನ
ಗುರುಪಾದಪ್ಪ

ತಾ.ಕ.: ಸೋಮಲಿಂಗ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಬರಬೇಡ ಎಂದು ಬರೆದದ್ದು ಸುಳ್ಳು. ಕಾರು ಕಳಿಸುತ್ತೇನೆ, ಅತ್ತೆಯವರನ್ನೂ ಕರೆದುಕೊಂಡು ಬಂದುಬಿಡು, ಇಲ್ಲಿಯೇ ತೋರಿಸೋಣ. ನಿನ್ನ ಪೂಜೆ ಯಾವಾಗಲೂ ನನಗಿಂತ ಮೊದಲು ಮುಗಿಯುತ್ತದೆ, ಎದ್ದು ಅಡುಗೆಮನೆಗೆ ಹೋಗಿಬಿಡುತ್ತೀ. ಇನ್ನು ಮೇಲೆ ಹೋಗಬೇಡ. ಚಹಾ ತಡವಾಗಲಿ. ನನ್ನೆದುರು ಕೂತು ಅಂಗೈ ನೋಡುತ್ತಿರು, ಜಾರಿದರೆ ಹೇಳು. ನೀನು ನೋಡುತ್ತಿದ್ದರೆ ನಾನು ಕಣ್ಣು ಮುಚ್ಚಿ ಜಪ ಮಾಡಬಲ್ಲೆ.