ಚಿಕ್ಕಪ್ಪನ ಸಹಿ ಇಲ್ಲದೆ ತಪ್ಪಿದ ಕೈರೋ

ನನ್ನ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ಇಪ್ಪತ್ತೇಳು ವರ್ಷದ ಹೆಣ್ಣುಮಗಳು ಹೊರದೇಶಕ್ಕೆ ಆಡಲು ಹೋಗಬೇಕಾದರೆ ಮನೆಯ ಗಂಡಸೊಬ್ಬರ ಒಪ್ಪಿಗೆ ಪತ್ರ ಬೇಕೆಂದಿರಿ. ಅದು ಸಿಗಲಿಲ್ಲ. ಕೈರೋದಲ್ಲಿ ನನ್ನ ಎದುರಾಳಿ ಆಡದೆಯೇ ಗೆದ್ದಳು.

ಕ್ರೀಡಾ ಕೋಟಾದಲ್ಲಿ ಬಂದ ನಾನು ನಿಮ್ಮ ಕಚೇರಿಯ ದ್ವಿತೀಯ ದರ್ಜೆ ಸಹಾಯಕಿ. ವೃತ್ತಿಪರ ಸ್ಕ್ವಾಷ್ ಆಟಗಾರ್ತಿಯೂ ಹೌದು. ಬೆಳಗ್ಗೆ ಐದೂವರೆಗೆ ದೇವನಹಳ್ಳಿ ಬಳಿಯ ವಿಜಯಪುರದಿಂದ ಸ್ಕೂಟರ್‌ನಲ್ಲಿ ಬೂದಿಗೆರೆಗೆ ಹೋಗಿ, ಅಲ್ಲಿನ ಅಪಾರ್ಟ್‌ಮೆಂಟ್‌ನವರು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿರುವ ಕೋರ್ಟ್‌ನಲ್ಲಿ ಆಡಿ, ಹತ್ತಕ್ಕೆ ಹಾಜರಿ ಹಾಕುತ್ತೇನೆ. ಎಂಟು ವರ್ಷಗಳಲ್ಲಿ ಹನ್ನೊಂದು ದೇಶ ಸುತ್ತಿದ್ದೇನೆ, ಒಬ್ಬಳೇ. ರ‍್ಯಾಕೆಟ್ ಚೀಲವನ್ನೇ ದಿಂಬು ಮಾಡಿಕೊಂಡು ವಿಮಾನ ನಿಲ್ದಾಣಗಳಲ್ಲಿ ಮಲಗಿದ್ದೇನೆ. ಚಿಲಕವಿಲ್ಲದ ಕೋಣೆಯ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ಮರುದಿನ ಪಂದ್ಯ ಗೆದ್ದಿದ್ದೇನೆ. ಆಗೆಲ್ಲ ಯಾರ ಒಪ್ಪಿಗೆಯೂ ಬೇಕಾಗಿರಲಿಲ್ಲ. ನಿಮಗಿಂತ ಮೊದಲಿದ್ದವರು ನಿರಾಕ್ಷೇಪಣಾ ಪತ್ರಕ್ಕೆ ಸಹಿ ಹಾಕಿ ಕಳಿಸುತ್ತಿದ್ದರು.

ವೀಸಾ ಅರ್ಜಿಗೆ ಮರುದಿನ ಮಧ್ಯಾಹ್ನವೇ ಕೊನೆಯೆನ್ನುವಾಗ ನೀವು ಕೇಳಿದಿರಿ: "ತಂದೆಯವರು ಎಲ್ಲಮ್ಮಾ?" ತೀರಿಕೊಂಡರೆಂದೆ. ಫೋನ್ ಮಾಡಿದೊಡನೆ, ರೇಷ್ಮೆ ನೂಲು ಬಿಚ್ಚುವ ಕೆಲಸ ಅರ್ಧಕ್ಕೆ ಬಿಟ್ಟು ಅಮ್ಮ ವರಲಕ್ಷ್ಮಮ್ಮ ಓಡಿಬಂದರು.

"ಹೆತ್ತವಳು ನಾನೇ ಬಂದಿದೀನಲ್ಲ ಸ್ವಾಮಿ, ಎಲ್ಲಿ ಹಾಕ್ಬೇಕು ಹೇಳಿ."

"ನೀವು ಹಾಕಿದ್ರೆ ಆಗಲ್ಲಮ್ಮ. ಗಂಡಸ್ರು ಯಾರೂ ಇಲ್ವಾ?"

ಹೆತ್ತವಳ ಸಹಿ ಯಾವ ಕಾನೂನಿನಲ್ಲಿ ಕಡಿಮೆ ತೂಗುತ್ತದೆ, ಮಾನ್ಯರೇ?

ಉಳಿದ ಗಂಡಸೆಂದರೆ ದಾಬಸ್‌ಪೇಟೆಯ ಚಿಕ್ಕಪ್ಪ ಕೆಂಪರಾಜ್. ನಾನು ಚಡ್ಡಿಯಲ್ಲಿ ಆಡುವ ಫೋಟೋ ಪತ್ರಿಕೆಯಲ್ಲಿ ಬಂದ ದಿನದಿಂದ, ಆರು ವರ್ಷ, ನಮ್ಮ ಮನೆಯ ಹೊಸಿಲು ತುಳಿದಿರಲಿಲ್ಲ. ಅಂದು ಸಂಜೆ ಅವರ ಮುಂದೆ ಕುಳಿತೆವು. ಕಾಫಿ ಕೊಟ್ಟರು. ಪೆನ್ನನ್ನೂ ತೆಗೆದರು.

"ಹಾಕ್ತೀನಮ್ಮ. ವಾಪಸ್ ಬಂದ್ಮೇಲೆ ಆಟ ಬಿಡ್ಬೇಕು, ನಾನು ನೋಡಿರೋ ಗಂಡನ್ನ ಒಪ್ಕೋಬೇಕು. ಅಷ್ಟೇ."

ಒಪ್ಪಿಕೊಂಡುಬಿಡೋಣ, ಸುಳ್ಳಾದರೂ ಸರಿ ಎನ್ನಿಸಿತು. ಬಾಯಿ ತೆರೆದಿದ್ದೆ ಕೂಡ. ಅಮ್ಮ ಅವರ ಕೈಯಿಂದ ಕಾಗದ ತೆಗೆದುಕೊಂಡು ಮಡಚಿದರು.

"ಬೇಡ ಬಿಡು ಕೆಂಪರಾಜ. ಸಿಂಚು, ಎದ್ದೇಳು."

ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಅಮ್ಮ ಹೇಳಿದ್ದು ಒಂದೇ ಮಾತು: "ನೀನು ಸುಳ್ಳಿಗೆ ಹೂಂ ಅಂದಿದ್ರೂ, ಅವನು ನಿಜ್ವಾಗ್ಲೂ ಹಂಗೇ ಮಾಡ್ಸಿಬಿಡೋನು ಕಣೆ."

ಆಮೇಲೆ ಮಾಹಿತಿ ಹಕ್ಕಿನಡಿ ಆ ನಿಯಮದ ಪ್ರತಿ ಕೇಳಿದೆ. "ಅಂತಹ ಯಾವುದೇ ಆದೇಶ ಕಡತದಲ್ಲಿ ಲಭ್ಯವಿರುವುದಿಲ್ಲ" ಎಂದು ನಿಮ್ಮದೇ ಕಚೇರಿ ಉತ್ತರಿಸಿತು. ಇಲ್ಲದ ನಿಯಮಕ್ಕೆ ನನ್ನ ರ‍್ಯಾಂಕಿಂಗ್ ಹತ್ತೊಂಬತ್ತು ಸ್ಥಾನ ಕುಸಿಯಿತು.

ಕೌಲಾಲಂಪುರ ಪಂದ್ಯಾವಳಿಯ ಅರ್ಜಿ ಈಗ ನಿಮ್ಮ ಮುಂದಿದೆ. ಜೊತೆಯಲ್ಲಿ ಯಾರ ಒಪ್ಪಿಗೆಯನ್ನೂ ಲಗತ್ತಿಸಿಲ್ಲ. ಸೋಮವಾರದೊಳಗೆ ಸಹಿ ಹಾಕಿ. ಆಗದಿದ್ದರೆ, "ಹೆಣ್ಣಾದ್ದರಿಂದ ಅನುಮತಿ ನಿರಾಕರಿಸಲಾಗಿದೆ" ಎಂದು ಬರೆದು ಅದರ ಕೆಳಗೆ ಸಹಿ ಹಾಕಿ. ಎರಡರಲ್ಲಿ ಯಾವುದಾದರೂ ಸರಿ, ಸಹಿ ನಿಮ್ಮದೇ ಇರಲಿ.

ಇಂತಿ,
ಇನ್ನೂ ಅಪ್ರಾಪ್ತಳೆಂದು ನೀವು ಭಾವಿಸಿರುವ,
ಸಿಂಚನ ವರಲಕ್ಷ್ಮಮ್ಮ
ವಿಜಯಪುರ, ದೇವನಹಳ್ಳಿ ತಾಲ್ಲೂಕು